ಮೊದಲ ಬಿಂದಿಗೆ

ಮಧುಗಿರಿ, ೧೮ ನವೆಂಬರ್ ೧೯೮೫, ಸೋಮವಾರ

ಇವತ್ತು ನಡೆದದ್ದನ್ನು ಯಾರಿಗೂ ಹೇಳುವಂತಿಲ್ಲ. ಅದಕ್ಕೇ ಈ ನೋಟುಬುಕ್ಕು ತಂದೆ. ಮೊದಲಿಂದ ಬರೆಯುತ್ತೇನೆ, ಮನಸ್ಸು ಒಂದು ಕಡೆ ನಿಲ್ಲಲಿ.

ತುಮಕೂರಿನಿಂದ ನೀರಿನ ರಿಪೋರ್ಟುಗಳ ಕಟ್ಟು ಬಂತು. ಮೂವತ್ತೊಂದು ಊರು, ಐವತ್ತೆಂಟು ಬೋರಿಂಗು. ಆಫೀಸಿನ ಕಾಗದದಲ್ಲಿ ಇದಕ್ಕೆ ಕೈಪಂಪು ಅಂತ ಹೆಸರು. ನಮ್ಮ ಕಡೆ ಎಲ್ಲರ ಬಾಯಲ್ಲೂ ಬೋರಿಂಗೇ, ಇದನ್ನು ಸಾಹೇಬರೇನೂ ಓದುವುದಿಲ್ಲವಲ್ಲ. ಜೀಪಿನಲ್ಲಿ ತಿರುಗಿ ಬಾಟಲಿಗೆ ನೀರು ಹಿಡಿದು, ಚೀಟಿ ಅಂಟಿಸಿ ಕಳಿಸುವವನು ನಾನು. ರಿಪೋರ್ಟು ಬಂದಮೇಲೆ ರಿಜಿಸ್ಟರಿಗೆ ಏರಿಸಿ ನಾಗಲಿಂಗಯ್ಯ ಸಾಹೇಬರ ಮುಂದೆ ಇಡುವವನೂ ನಾನೇ. ಫ್ಲೋರೈಡ್ ಒಂದೂವರೆ ದಾಟಿದ್ದರೆ ಸಾಹೇಬರು ಆರ್ಡರು ಮಾಡುತ್ತಾರೆ, ಮೆಕ್ಯಾನಿಕ್ ಕದಿರಯ್ಯ ಹೋಗಿ ಆ ಬೋರಿಂಗಿಗೆ ಕೆಂಪು ಬಣ್ಣ ಬಳಿದು ಬರುತ್ತಾನೆ. ಕೆಂಪು ಬಳಿದರೆ ಬಟ್ಟೆ ಒಗೆಯಬಹುದು, ಕುಡಿಯಬಾರದು.

ಕಟ್ಟಿನ ಮಧ್ಯದಲ್ಲಿ ನಮ್ಮೂರು ಸಿಕ್ಕಿತು. ಚಿಂತಲಗುಂಟೆ, ಪಾವಗಡ ತಾಲ್ಲೂಕು. ಎರಡು ಹಾಳೆ. ನಮ್ಮವರ ಕಾಲೋನಿ ಬೋರಿಂಗು: ಸೊನ್ನೆ ಪಾಯಿಂಟ್ ಒಂಬತ್ತು. ಊರ ಮುಂದಿನ ಬೋರಿಂಗು: ಐದು ಪಾಯಿಂಟ್ ಎಂಟು.

ಓದಿ ನಕ್ಕುಬಿಟ್ಟೆ. ಪಕ್ಕದ ಟೇಬಲ್ಲಿನ ಟೈಪಿಸ್ಟು ಏನು ಅಂತ ಕೇಳಿದರು. ಏನಿಲ್ಲ ಅಂದೆ.

ನನಗೆ ಒಂಬತ್ತು ವರ್ಷ ಆಗ. ಬೋರಿಂಗು ಇರಲಿಲ್ಲ, ಊರ ಮುಂದೆ ಸೇದುವ ಬಾವಿ. ನಮ್ಮವರು ಹಗ್ಗ ಮುಟ್ಟುವಂತಿಲ್ಲ. ದೂರದ ಹೊಂಗೆಮರದ ಕೆಳಗೆ ಕೊಡ ಸಾಲಾಗಿ ಇಟ್ಟುಕೊಂಡು ನಮ್ಮ ಹೆಂಗಸರು ಕೂತಿರಬೇಕು. ಊರಿನ ಯಾರಿಗಾದರೂ ಮನಸ್ಸು ಬಂದರೆ ಸೇದಿ ಮೇಲಿಂದ ಹೊಯ್ಯುತ್ತಿದ್ದರು. ಅಪ್ಪನಿಗೆ ವಾಂತಿಭೇದಿ ಹಿಡಿದು ಎರಡು ದಿನವಾಗಿತ್ತು. ಮನೆಯಲ್ಲಿ ಒಂದು ಹನಿ ನೀರಿಲ್ಲ. ಅವ್ವ ಬೆಳಿಗ್ಗೆಯೇ ಕೊಡ ತಗೊಂಡು ಹೋದಳು. ಬಾವಿಯ ಹತ್ತಿರ ಇದ್ದವಳು ಗಂಗಾಧರಯ್ಯನವರ ಹೆಂಡತಿ ಈಶ್ವರಮ್ಮ ಒಬ್ಬಳೇ. "ಅಮ್ಮಾರೆ, ಮನೇಲಿ ಕಾಯಿಲೆ ಐತೆ, ಒಂದ್ ಕೊಡ ಹುಯ್ರಿ" ಅಂತ ಅವ್ವ ಬೇಡಿಕೊಂಡಳಂತೆ. "ತಾಳೇ ಪಟಾಲಿ, ಏನ್ ಅವಸರ" ಅಂದಳಂತೆ ಈಶ್ವರಮ್ಮ. ಅವ್ವನ ಹೆಸರು ಪಟಾಲಮ್ಮ. ಪಾತ್ರೆ ತೊಳೆದಳು. ಕರುವಿಗೆ ಮೈ ತೊಳೆದಳು. ಕಂಬಳಿ ಒಗೆದಳು. ಅವ್ವನ ಕೊಡಕ್ಕೆ ನೀರು ಬಿದ್ದಾಗ ಮಧ್ಯಾಹ್ನ.

ಅಷ್ಟರಲ್ಲಿ ಅಪ್ಪ ಹೋಗಿದ್ದ. ಪಕ್ಕದಲ್ಲಿ ಇದ್ದವನು ನಾನು. ನೀರು, ನೀರು ಅಂದ. ಸಾಯುವವರ ಬಾಯಿಗೆ ನೀರು ಬಿಡಬೇಕು ಅನ್ನುವುದು ನನಗೂ ಗೊತ್ತಿತ್ತು. ಬಿಡಲು ಇರಲಿಲ್ಲ.

ಆ ಈಶ್ವರಮ್ಮನ ಮನೆ ಈಗ ಕುಡಿಯುವುದು ಊರ ಮುಂದಿನ ಬೋರಿಂಗಿನ ನೀರು. ಐದು ಪಾಯಿಂಟ್ ಎಂಟು. ಉಪ್ಪು ತಿಂದವನು ನೀರು ಕುಡಿಯಲೇಬೇಕು ಅಂತಾರೆ. ಕುಡಿಯಲಿ.

ಐವತ್ತಾರು ರಿಪೋರ್ಟು ರಿಜಿಸ್ಟರಿಗೆ ಏರಿಸಿದೆ. ಚಿಂತಲಗುಂಟೆಯ ಎರಡು ಹಾಳೆ ಈ ನೋಟುಬುಕ್ಕಿನ ಹಿಂದಿನ ರಟ್ಟಿನೊಳಗೆ ಇವೆ.

೨೦ ನವೆಂಬರ್ ೧೯೮೫

ಆಫೀಸಿನಲ್ಲಿ ಇದರ ಬಗ್ಗೆ ಒಂದು ಪುಸ್ತಿಕೆ ಇದೆ. ತೆಗೆದು ಓದಿದೆ. ಎಳೆಯ ಮಕ್ಕಳಿಗೆ ಹಲ್ಲು ಕಂದಾಗುತ್ತದೆ, ಉಜ್ಜಿದರೂ ಹೋಗದು. ದೊಡ್ಡವರಿಗೆ ಮಂಡಿ, ಸೊಂಟ, ಕತ್ತು ಬಿಗಿಯುತ್ತವೆ. ಕೂತರೆ ಏಳಲಾಗದು, ಎದ್ದರೆ ಕೂರಲಾಗದು. ಔಷಧಿ ಇಲ್ಲ. ನೀರು ಬದಲಾಯಿಸುವುದೊಂದೇ ದಾರಿ. ಎಲ್ಲಾ ನಿಧಾನವಾಗಿ, ವರ್ಷಗಟ್ಟಲೆ ಆಗುವಂಥದ್ದು.

ನನಗೇನೂ ಅವಸರವಿಲ್ಲ.

೧೬ ಜನವರಿ ೧೯೮೬, ಗುರುವಾರ

ಸಂಕ್ರಾಂತಿಗೆ ಊರಿಗೆ ಹೋಗಿ ಬಂದೆ. ಮಧ್ಯಾಹ್ನದ ಬಸ್ಸಿಗೆ ಇಳಿದವನಿಗೆ ಬಾಯಿ ಒಣಗಿತ್ತು. ಅವ್ವ ಹಿತ್ತಾಳೆ ಬಿಂದಿಗೆಯಿಂದ ನೀರು ಕೊಟ್ಟಳು. ಮೊದಲ ಸಂಬಳದಲ್ಲಿ ನಾನು ಕೊಡಿಸಿದ ಬಿಂದಿಗೆ ಅದು, ಹುಣಿಸೆಹಣ್ಣು ಹಾಕಿ ಉಜ್ಜಿ ಉಜ್ಜಿ ಚಿನ್ನದಂತೆ ಇಟ್ಟಿದ್ದಾಳೆ. ಮೂರು ತಂಬಿಗೆ ಕುಡಿದೆ. ಎಂಥ ಸಿಹಿ ನೀರು. ಕಾಲೋನಿ ಬೋರಿಂಗು ಅಂದರೆ ಸುಮ್ಮನೆಯೇ? ಊರಿನವರಿಗೆ ಎಲ್ಲದರಲ್ಲೂ ಒಳ್ಳೆಯದು ಸಿಕ್ಕಿತು, ಹೊಲ, ಬಾವಿ, ರಸ್ತೆ. ಭೂಮಿತಾಯಿ ಒಳಗಿನದನ್ನು ಮಾತ್ರ ನಮಗೆ ಕೊಟ್ಟಳು.

ಅವ್ವನಿಗೆ ಏನೂ ಹೇಳಿಲ್ಲ. ಹೇಳಿದರೆ ಅವಳು ಊರಿನವರಿಗೆ ಹೇಳಿಯೇ ಹೇಳುತ್ತಾಳೆ, ಅವಳ ಕರುಳು ಅಂಥದ್ದು. ಅವಳ ಪರವಾಗಿ ನಾನೊಬ್ಬ ಸಿಟ್ಟು ಇಟ್ಟುಕೊಂಡರೆ ಸಾಕು.

ಹಬ್ಬದ ದಿನ ಬಸ್‌ಸ್ಟಾಂಡಿನ ಹತ್ತಿರ ಈಶ್ವರಮ್ಮ ಸಿಕ್ಕಳು. ಜೊತೆಗೆ ಏಳೆಂಟು ವರ್ಷದ ಮೊಮ್ಮಗಳು. ನಾನು ಸರ್ಕಾರಿ ನೌಕರನಾದ ಮೇಲೆ ನನ್ನ ಹೆಸರಿಗೆ ಅವಳು ಅಯ್ಯ ಸೇರಿಸಿದ್ದಾಳೆ.

"ಏನಪ್ಪಾ ಸಣ್ಣರಂಗಯ್ಯ, ಚೆನ್ನಾಗಿದೀಯಾ? ಮಧುಗಿರೀಲಿ ಒಳ್ಳೆ ಹಲ್ಲುಪುಡಿ ಸಿಗುತ್ತಾ? ನೋಡು ಈ ಮಗೀನ ಹಲ್ಲ."

ಹುಡುಗಿ ಬಾಯಿ ತೆರೆಯಲು ಒಪ್ಪಲಿಲ್ಲ. ಅಜ್ಜಿ ಗದರಿಸಿದ ಮೇಲೆ ತೆರೆದಳು. ಹಲ್ಲಿನ ಮೇಲೆ ಅಡ್ಡಡ್ಡ ಕಂದು ಪಟ್ಟೆ, ಪುಸ್ತಿಕೆಯ ಚಿತ್ರದಲ್ಲಿ ಇದ್ದಹಾಗೇ.

"ಹಲ್ಲುಪುಡಿ ಏನೂ ಬೇಡ ಅಮ್ಮಾರೆ. ನೀರು ಚೆನ್ನಾಗಿ ಕುಡಿಸಿ, ಹೋಗುತ್ತೆ" ಅಂದೆ.

"ಒಳ್ಳೇದಪ್ಪ" ಅಂದಳು.

ಬಸ್ಸಿನಲ್ಲಿ ಕೂತಮೇಲೂ ಮೈಯೆಲ್ಲಾ ಬಿಸಿಯಾಗಿತ್ತು. ಇಷ್ಟು ವರ್ಷದಲ್ಲಿ ಅಷ್ಟು ಖುಷಿ ಯಾವತ್ತೂ ಆಗಿರಲಿಲ್ಲ. ಬರೆದಿಡುತ್ತಿದ್ದೇನೆ, ಸುಳ್ಳು ಯಾಕೆ ಹೇಳಲಿ.

೧೧ ಏಪ್ರಿಲ್ ೧೯೮೬, ಶುಕ್ರವಾರ

ನಿನ್ನೆ ಯುಗಾದಿ. ಹೋಗಲಿಲ್ಲ. ಜಾತ್ರೆ, ಹಬ್ಬಕ್ಕೆಲ್ಲಾ ಹೋದರೆ ಆ ಹುಡುಗಿ ಎದುರು ಸಿಗುತ್ತಾಳೆ. ಅವಳ ಮೇಲೆ ನನಗೇನೂ ದ್ವೇಷವಿಲ್ಲ. ಆದರೆ ಮನೆ ಸುಡುವಾಗ ತೊಟ್ಟಿಲು ಬೇರೆ, ತೊಲೆ ಬೇರೆ ಅಂತ ಬೆಂಕಿ ನೋಡುತ್ತದೆಯೇ?

ಅವ್ವನಿಗೆ ಸೀರೆ ಕೊಟ್ಟುಬಾ ಅಂತ ಪಾವಗಡಕ್ಕೆ ಹೊರಟಿದ್ದ ಕದಿರಯ್ಯನ ಕೈಲಿ ಕಳಿಸಿದೆ.

೩ ಜುಲೈ ೧೯೮೬, ಗುರುವಾರ

ಇವತ್ತು ಸಿಕ್ಕಿಬೀಳುತ್ತಿದ್ದೆ.

ನಾಗಲಿಂಗಯ್ಯ ಸಾಹೇಬರು ರಿಜಿಸ್ಟರು ತರಿಸಿಕೊಂಡು ಬೆರಳಿಟ್ಟು ನೋಡುತ್ತಾ ಕೂತರು. ಕನ್ನಡಕ ಮೇಲೆತ್ತಿ, "ಚಿಂತಲಗುಂಟೆದು ಎಲ್ರೀ? ನಿಮ್ಮೂರದ್ದೇ ಕಾಣಲ್ಲ" ಅಂದರು.

"ಬಾಟ್ಲಿ ಒಡೆದುಹೋಗಿತ್ತು ಸಾರ್, ದಾರೀಲಿ."

"ಎರಡೂ?"

"ಎರಡೂ ಸಾರ್."

"ಇನ್ನೊಂದ್ಸಲ ಕಳಿಸಬೇಕಿತ್ತಲ್ಲ."

"ಕಳಿಸ್ತೀನಿ ಸಾರ್. ಮುಂದಿನ ಸುತ್ತಲ್ಲಿ."

ಅವರು ಒಳ್ಳೆಯವರು. ನಂಬಿದರು. ಎಲ್ಲರ ಊರಿನ ಕೆಲಸ ಮಾಡಿ ತನ್ನ ಊರನ್ನೇ ಮರೆಯುವ ನೌಕರ ಅಂತ ಟೈಪಿಸ್ಟಿನ ಮುಂದೆ ನನ್ನನ್ನು ಹೊಗಳಿದರು. ನಾನು ತಲೆ ತಗ್ಗಿಸಿ ನಿಂತಿದ್ದೆ.

ಒಂದು ಸಲ ಮನಸ್ಸಿಗೆ ಬಂತು, ಹಾಳೆ ತಂದು ಅವರ ಮುಂದೆ ಹಾಕಿಬಿಡೋಣ ಅಂತ. ಆಮೇಲೆ ಅಪ್ಪನ ತುಟಿ ನೆನಪಾಯಿತು. ಬಿರಿದು, ಬೆಳ್ಳಗೆ ಪೊರೆ ಕಟ್ಟಿತ್ತು. ತಾಳಲಿ ಊರಿನವರು. ಈ ವರ್ಷ ಅಲ್ಲದಿದ್ದರೆ ಮುಂದಿನ ವರ್ಷ ಏರಿಸಿದರಾಯಿತು, ಏನು ಅವಸರ.

೨೨ ಸೆಪ್ಟೆಂಬರ್ ೧೯೮೬, ಸೋಮವಾರ

ಅವ್ವ ಬಂದಿದ್ದಳು, ಮಂಡಿ ನೋವು ಅಂತ. ಮಧುಗಿರಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಡಾಕ್ಟರು ಕಾಲು ಮಡಿಸಿ ಬಿಡಿಸಿ, ವಯಸ್ಸಾಯಿತಲ್ಲಮ್ಮ, ವಾಯು ಅಂದರು, ಮಾತ್ರೆ ಬರೆದರು. ಅವಳಿಗೆ ಇನ್ನೂ ಐವತ್ತೈದೂ ತುಂಬಿಲ್ಲ. ಇಪ್ಪತ್ತು ವರ್ಷ ಕೂಲಿ ಮಾಡಿ ಬಗ್ಗಿದ ಮೈ, ಮಂಡಿ ಹೋಗದೆ ಇನ್ನೇನು. ಅದಕ್ಕೂ ಸೇರಿಸಿ ಊರಿನವರು ಅನುಭವಿಸಬೇಕು.

ನನ್ನ ರೂಮಿನಲ್ಲಿ ಎರಡು ದಿನ ಇದ್ದಳು. ನೆಲದ ಮೇಲೆ ಕೂತು ಉಣ್ಣಲಾಗದೆ ಟ್ರಂಕಿನ ಮೇಲೆ ಕೂತು ಉಂಡಳು. ಒಂದು ವಾರ ಇರು ಅಂದರೆ ಕೇಳಲಿಲ್ಲ.

"ಇಲ್ಲಿ ನಲ್ಲಿನೀರು ಸಪ್ಪೆ ಕಣ್ಲಾ. ಗಂಟ್ಲಾಗೇ ಇಳಿಯಾಕಿಲ್ಲ. ಅಲ್ದೆ ನಾನಿಲ್ದಿದ್ರೆ ಅಲ್ಲಿ ನನ್ ಪಾಳಿ ಇನ್ಯಾರೋ ಇಟ್ಕತಾರೆ."

"ಯಾವ ಪಾಳಿ?"

"ನೀರಿಂದು."

"ಕಾಲೋನೀಲಿ ಇರೋದೇ ಇಪ್ಪತ್ತು ಮನೆ. ನೀನಿಲ್ಲ ಅಂದರೆ ಬೋರಿಂಗೇನು ಓಡಿಹೋಗುತ್ತಾ?"

ಅವ್ವ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಳು. ಯಾಕೆ ನಕ್ಕಳೋ ಕೇಳಲಿಲ್ಲ. ಬಸ್ಸು ಹತ್ತುವಾಗ ಕಂಡಕ್ಟರು ಅವಳ ಕೈ ಹಿಡಿದು ಎಳೆದುಕೊಳ್ಳಬೇಕಾಯಿತು.

೯ ಡಿಸೆಂಬರ್ ೧೯೮೬, ಮಂಗಳವಾರ

ನಿನ್ನೆ ಪಾವಗಡದಿಂದ ಬರುವ ಬಸ್ಸಿಗೆ ಈಶ್ವರಮ್ಮನೂ ಮೊಮ್ಮಗಳೂ ಹತ್ತಿದರು. ಈಶ್ವರಮ್ಮನ ಕತ್ತು ತಿರುಗುವುದಿಲ್ಲ. ಯಾರಾದರೂ ಪಕ್ಕದಿಂದ ಮಾತಾಡಿಸಿದರೆ ಇಡೀ ಮೈ ತಿರುಗಿಸುತ್ತಾಳೆ. ನೋಡಿ ತೃಪ್ತಿಯಾಯಿತು. ತಿರುಗಲಿ ಅಂತಲೇ ಎರಡು ಸಲ ಪಕ್ಕದಿಂದ ಮಾತಾಡಿಸಿದೆ.

ಹುಡುಗಿ ನೀರು ಕೇಳಿತು. ಅಜ್ಜಿಯ ಹತ್ತಿರ ಇದ್ದ ಡಬ್ಬಿ ಖಾಲಿ. ನನ್ನ ಚೀಲದಲ್ಲಿ ಬಾಟಲಿ ಇತ್ತು, ಮಧುಗಿರಿ ನೀರು. ಅರ್ಧ ದಾರಿವರೆಗೆ ಕಿಟಕಿಯಿಂದ ಆಚೆ ನೋಡುತ್ತಾ ಕೂತಿದ್ದೆ. ಆಮೇಲೆ ತೆಗೆದುಕೊಟ್ಟೆ. ಹುಡುಗಿ ಬಾಟಲಿಯನ್ನು ಎರಡು ಕೈಯಲ್ಲಿ ಹಿಡಿದು ಪೂರ್ತಿ ಕುಡಿಯಿತು. ನಗುವಾಗ ಕೈಯಿಂದ ಬಾಯಿ ಮುಚ್ಚಿಕೊಳ್ಳುತ್ತದೆ.

ಕೊಟ್ಟಿದ್ದಕ್ಕೆ ನನ್ನ ಮೇಲೇ ಸಿಟ್ಟು ಬಂತು. ನನ್ನಲ್ಲೂ ಅವ್ವನ ಕರುಳು ಎಲ್ಲೋ ಒಂದಿಷ್ಟು ಉಳಿದುಕೊಂಡಿದೆ. ಇನ್ನು ಮೇಲೆ ಆ ಬಸ್ಸಿಗೆ ಹತ್ತಬಾರದು.

೬ ಫೆಬ್ರವರಿ ೧೯೮೭, ಶುಕ್ರವಾರ

ಹೇಗೆ ಬರೆಯಲಿ.

ಚಿಂತಲಗುಂಟೆ ಊರ ಬೋರಿಂಗಿನ ಹಿಡಿ ಬಿಗಿಯಾಗಿದೆ ಅಂತ ದೂರು ಬಂದಿತ್ತು. ನಾನು, ಕದಿರಯ್ಯ ನಿನ್ನೆಯೇ ಬಂದು ಪಾವಗಡದಲ್ಲಿ ಉಳಿದು, ಬಿಸಿಲೇರುವ ಮೊದಲೇ ಮುಗಿಸೋಣ ಅಂತ ಬೆಳಿಗ್ಗೆ ಆರಕ್ಕೆಲ್ಲಾ ಜೀಪು ಹೊರಡಿಸಿದೆವು. ಇಷ್ಟು ವರ್ಷದಲ್ಲಿ ನಮ್ಮೂರನ್ನು ಆ ಹೊತ್ತಿನಲ್ಲಿ ನಾನು ನೋಡಿರಲೇ ಇಲ್ಲ. ಹಬ್ಬಕ್ಕೆ ಬಂದಾಗ ಹೊದ್ದು ಮಲಗಿರುತ್ತೇನೆ, ಬಾಟಲಿ ಹಿಡಿಯಲು ಬಂದಾಗ ಮಧ್ಯಾಹ್ನವಾಗಿರುತ್ತದೆ.

ಬೋರಿಂಗಿನ ಮುಂದೆ ಏಳೆಂಟು ಹೆಂಗಸರು. ಮೊದಲಿಗೆ ಹಿತ್ತಾಳೆ ಬಿಂದಿಗೆ. ಅದರ ಮಿಂಚಿನಿಂದಲೇ ಗುರುತು ಸಿಕ್ಕಿತು, ಆಮೇಲೆ ಆಳನ್ನು ನೋಡಿದೆ. ಅವ್ವ. ಸೆರಗು ಸೊಂಟಕ್ಕೆ ಕಟ್ಟಿ, ಎರಡೂ ಕೈಯಲ್ಲಿ ಹಿಡಿ ಹಿಡಿದು, ಒಂದು ಸಲ ಒತ್ತುವುದು, ನಿಲ್ಲುವುದು. ಮತ್ತೆ ಒತ್ತುವುದು, ನಿಲ್ಲುವುದು. ಅವಳ ಹಿಂದೆ ಖಾಲಿ ಕೊಡ ಹಿಡಿದು ಈಶ್ವರಮ್ಮ ನಿಂತಿದ್ದಳು.

"ಬಿರ್ನೆ ಒತ್ತೇ ಪಟಾಲಮ್ಮ, ಮಗು ಸ್ಕೂಲಿಗೆ ಹೋಗ್ಬೇಕು" ಅಂದಳು ಈಶ್ವರಮ್ಮ.

"ತಾಳ್ರಿ ಅಮ್ಮಾರೆ, ಏನ್ ಅವಸರ" ಅಂದಳು ಅವ್ವ.

ನನ್ನನ್ನು ಕಂಡು ಅವ್ವನ ಮುಖ ಅರಳಿತು. ಬಿಂದಿಗೆ ಸೊಂಟಕ್ಕೆ ಏರಿಸಲು ಅವಳಿಗೆ ಆಗಲಿಲ್ಲ, ನಾನೇ ಎತ್ತಿಕೊಂಡೆ. ಮನೆಯ ದಾರಿ ಉದ್ದಕ್ಕೂ ಅವಳು ಹೇಳುತ್ತಲೇ ಬಂದಳು.

"ಬೋರಿಂಗ್ ಹಾಕಿದ್ ವರ್ಸ ಬೀಡಿಯೋ ಸಾಹೇಬ್ರು ನಿಂತ್ಕಂಡು ಹೇಳಿದ್ರು, ಇದು ಸರ್ಕಾರದ್ದು, ಯಾರ್ ಬೇಕಾರೂ ಹಿಡೀಬೌದು ಅಂತ. ಮಾರ್ನೇ ದಿನ್ವೇ ಹೋದೆ ಕಣ್ಲಾ. ನಾನ್ ಮುಟ್ಟಿದ್ ಮ್ಯಾಲೆ ಹಿಡೀನ ಹುಣಿಸೆಹಣ್ಣಾಕಿ ತೊಳೆಯೋರು. ತೊಳೀಲಿ ಬುಡು ಅಂತ ದಿನಾ ಹೋದೆ. ಹಿಡಿ ತಳತಳ ಅನ್ನೋದು. ಒಂದ್ ವರ್ಸಕ್ಕೆ ಅವರ್ಗೇ ಸಾಕಾಯ್ತು. ಎಂಟು ವರ್ಸ ಆಯ್ತು, ಮೊದಲ್ನೇ ಬಿಂದಿಗೆ ನಂದೇ. ಕೋಳಿ ಕೂಗೋಕ್ ಮುಂಚೆ ಎದ್ದೋಗ್ತೀನಿ. ಆಯಮ್ಮ ನನ್ ಹಿಂದೆ ನಿಲ್ಬೇಕು."

"ಕಾಲೋನಿ ಬೋರಿಂಗು ಮನೆ ಮುಂದೇ ಇದೆಯಲ್ಲವ್ವ."

"ಅದ್ರಾಗೆ ಯಾರ್ ಬ್ಯಾಡ ಅಂತಾರೆ? ಅದು ಪಾತ್ರೆ ತೊಳ್ಯಾಕೆ. ಕುಡ್ಯಾಕೆ ಮಾತ್ರ ಇದೇಯ. ನೀನು ಸಂಕ್ರಾಂತೀಲಿ ಮೂರ್ ತಂಬ್ಗೆ ಕುಡ್ದು ಸಿಹಿ ಐತೆ ಅಂದ್ಯಲ್ಲ, ಇದೇ ನೀರು. ನಿಮ್ಮಪ್ಪಂಗೆ ಸಿಗ್ಲಿಲ್ಲ. ನಾನು ಅವನ ಪಾಲ್ನೂ ಕುಡೀತೀನಿ."

ಬಿಂದಿಗೆ ನನ್ನ ಹೆಗಲ ಮೇಲಿತ್ತು. ಇಳಿಸಿ ಅಲ್ಲೇ ದಾರಿಯಲ್ಲಿ ಚೆಲ್ಲಬೇಕು ಅನ್ನಿಸಿತು. ಚೆಲ್ಲಲಿಲ್ಲ. ತಂದು ಅವಳ ಒಲೆಯ ಪಕ್ಕ ಇಟ್ಟು, ಕೆಲಸ ಇದೆ ಅಂತ ಹೇಳಿ ಜೀಪಿಗೆ ಓಡಿದೆ.

೭ ಫೆಬ್ರವರಿ

ಎಂಟು ವರ್ಷದಲ್ಲಿ ಮೊದಲ ಏಳು ನನ್ನದಲ್ಲ. ಹದಿನೈದು ತಿಂಗಳು ನನ್ನದು.

ಕಾಲೋನಿಯಲ್ಲಿ ಯಾರನ್ನು ಕೇಳಿದ್ದರೂ ಹೇಳುತ್ತಿದ್ದರು, ನಿಮ್ಮವ್ವ ಎಲ್ಲಿಂದ ನೀರು ತರುತ್ತಾಳೆ ಅಂತ. ನಾನು ಕೇಳಿಲ್ಲ.

ಮಾತ್ರೆ ತಪ್ಪದೆ ನುಂಗು ಅಂತ ಅವಳಿಗೆ ಬುದ್ಧಿ ಹೇಳಿದ್ದೆ. ಯಾವ ನೀರಿನಲ್ಲಿ ನುಂಗಿದಳು?

೯ ಫೆಬ್ರವರಿ ೧೯೮೭, ಸೋಮವಾರ

ಆರ್ಡರು ಇಲ್ಲದೆ ಬಣ್ಣ ಬಳಿಯುವಂತಿಲ್ಲ. ರಟ್ಟಿನೊಳಗಿನ ಹಾಳೆ ಕೊಟ್ಟರೆ ಸಾಹೇಬರು ತಾರೀಖು ನೋಡುತ್ತಾರೆ. ಹೊಸದಾಗಿ ಬಾಟಲಿ ಕಳಿಸಿದರೆ ರಿಪೋರ್ಟು ಬರಲು ಒಂದು ತಿಂಗಳು. ಒಂದು ತಿಂಗಳೂ ತಾಳಲಾರೆ. ಸಾಹೇಬರು ಬಾಯಲ್ಲಿ ಹೇಳಿದ್ದಾರೆ ಅಂತ ಕದಿರಯ್ಯನಿಗೆ ಸುಳ್ಳು ಹೇಳಿ, ಒಂದು ಡಬ್ಬಿ ಕೆಂಪು ಬಣ್ಣ ಜೀಪಿಗೆ ಹಾಕಿಸಿದೆ. ಬ್ರಷ್ಷು ಅವನ ಕೈಯಿಂದ ತೆಗೆದುಕೊಂಡು ನಾನೇ ಬಳಿದೆ. ಎಂಟು ವರ್ಷ ಅವ್ವನ ಕೈ ಸವೆಸಿದ ಹಿಡಿ ನುಣ್ಣಗಾಗಿತ್ತು, ಬಣ್ಣ ಹಿಡಿಯಲೇ ಇಲ್ಲ. ಎರಡು ಸಲ ಬಳಿಯಬೇಕಾಯಿತು.

ಊರೆಲ್ಲಾ ಸೇರಿತು. ಜಗಲಿಯಿಂದ ಒಬ್ಬ ಮುದುಕ ತೆಲುಗಿನಲ್ಲಿ ಕೂಗಿದ, "ಏಮಪ್ಪಾ ಇಂಜಿನೀರೂ, ಈ ಎರ್ರರಂಗು ಎಂದುಕು?" ಕೆಂಪು ಬಣ್ಣ ಯಾಕೆ ಅಂತ. ನೀರು ಕೆಟ್ಟಿದೆ, ಇವತ್ತಿನಿಂದ ಯಾರೂ ಕುಡಿಯಬೇಡಿ, ಕಾಲೋನಿ ಬೋರಿಂಗು ಚೆನ್ನಾಗಿದೆ, ಅಲ್ಲಿಂದ ತನ್ನಿ ಅಂದೆ. ಗುಂಪಿನಲ್ಲಿ ಗುಜುಗುಜು ಎದ್ದಿತು. ಪಟಾಲಿ ಮುಟ್ಟಿ ಮುಟ್ಟಿ ನೀರೇ ಕೆಟ್ಟಿತು ಅಂದಿತು ಒಂದು ಗಂಡಸಿನ ದನಿ. ಬ್ರಷ್ಷು ಅವನ ಮುಖಕ್ಕೆ ಬಳಿಯಬೇಕು ಅನ್ನಿಸಿತು. ಆದರೆ ಹಾಗೆ ಅನ್ನುವ ಅವಕಾಶ ಕೊಟ್ಟವನು ಯಾರು?

ಈಶ್ವರಮ್ಮ ಇಡೀ ಮೈ ತಿರುಗಿಸಿ ನನ್ನನ್ನು ನೋಡಿದಳು. "ನನ್ ಕತ್ತು ಇದ್ರಿಂದ್ಲೇನಪ್ಪಾ? ಮಗೀನ ಹಲ್ಲು?"

"ಹೌದು."

"ಯಾವತ್ತಿಂದ ಕೆಟ್ಟಿದೆ?"

"ಈಗ ಗೊತ್ತಾಯಿತು" ಅಂದೆ.

ಅವಳು ನಂಬಿದಳು. ಅವಳು ನಂಬಿದ್ದು ನನಗೆ ಹಿಡಿಸಲಿಲ್ಲ. ಅವ್ವ ಗುಂಪಿನ ಹಿಂದೆ ನಿಂತಿದ್ದಳು. ಕಾಲೆಳೆಯುತ್ತಾ ಹೊರಟುಹೋದಳು.

೧೩ ಫೆಬ್ರವರಿ, ಶುಕ್ರವಾರ

ಕದಿರಯ್ಯ ಪಾವಗಡಕ್ಕೆ ಹೋಗಿ ಬಂದ. ಟೀ ಕುಡಿಯುತ್ತಾ ಅಂದ, "ನಿಮ್ಮೂರಲ್ಲಿ ತಮಾಸೆ ನೋಡ್ಬೇಕು ಕಣಪ್ಪ. ಊರೋರೆಲ್ಲಾ ಕೊಡ ತಗಂಡು ಕಾಲೋನೀಲಿ ಸಾಲ್ ನಿಂತವ್ರೆ. ನಿಮ್ಮವ್ವ ಒಬ್ಳೇಯ ಅವರ್ ಎದುರಿಗೇ ಹಾದು, ಕೆಂಪು ಬೋರಿಂಗ್‌ನಾಗೆ ಹಿಡ್ಕಂಡು ಬರ್ತಾಳೆ. ಹೇಳಿದ್ರೆ ಕೇಳಾಕಿಲ್ಲ."

ಊರಿನವರು ಕೊಡ ಹಿಡಿದು ನಮ್ಮ ಬೀದಿಯಲ್ಲಿ ಸಾಲು ನಿಲ್ಲಬೇಕು ಅಂತ ಒಂಬತ್ತು ವರ್ಷದವನಿದ್ದಾಗಿನಿಂದ ಎಷ್ಟು ಸಲ ಅಂದುಕೊಂಡಿದ್ದೆನೋ. ನಿಂತಿದ್ದಾರಂತೆ. ಟೀ ಅರ್ಧಕ್ಕೇ ಬಿಟ್ಟು ಎದ್ದೆ.

ಚಿಂತಲಗುಂಟೆ, ೧೫ ಫೆಬ್ರವರಿ ೧೯೮೭, ಭಾನುವಾರ

ನಿನ್ನೆ ಕೊನೆಯ ಬಸ್ಸಿಗೆ ಬಂದೆ. ಅವ್ವ ಸರಿಯಾಗಿ ಮಾತಾಡಲಿಲ್ಲ. ಮುದ್ದೆ ಬಡಿಸಿದಳು. ನೀರಿನ ತಂಬಿಗೆ ಮುಂದಿಟ್ಟಳು, ಕುಡಿದೆ.

ಬೆಳಿಗ್ಗೆ ಬೆಳಕು ಹರಿಯುವಾಗ ಎದ್ದು ನೋಡಿದರೆ ಬಿಂದಿಗೆಯೂ ಇಲ್ಲ, ಅವಳೂ ಇಲ್ಲ. ಬಾಗಿಲಲ್ಲಿ ಕೂತು ಕಾದೆ. ಕಾಲೋನಿ ಬೋರಿಂಗಿನ ಮುಂದೆ ಆಗಲೇ ಸಾಲು ಬೆಳೆದಿತ್ತು. ಆ ಸಾಲಿನ ಪಕ್ಕದಲ್ಲೇ ಬಿಂದಿಗೆ ಹೊತ್ತು, ನಾಲ್ಕು ಹೆಜ್ಜೆಗೆ ಒಂದು ಸಲ ನಿಂತು, ಅವ್ವ ಬಂದಳು. ಯಾರ ಕಡೆಯೂ ನೋಡಲಿಲ್ಲ.

"ಅವ್ವ, ಆ ನೀರು ಕುಡೀಬೇಡ ಅಂದೆನಲ್ಲ. ನಿನ್ನ ಮಂಡಿ ಹೋಗಿರೋದು ಅದರಿಂದಲೇ."

"ಯಾರು ಹೇಳ್ಕೊಟ್ರು ನಿಂಗೆ? ಆಯಮ್ಮನಾ?" ಬಿಂದಿಗೆ ಇಳಿಸಿದಳು. "ಎಂಟು ವರ್ಸ ನಾನು ಮುಟ್ಟೋದ ತಪ್ಸಾಕೆ ಆಗ್ಲಿಲ್ಲ ಅವ್ರ ಕೈಲಿ. ಈಗ ನನ್ ಮಗನ್ ಕೈಲೇ ಬಣ್ಣ ಬಳ್ಸವ್ರೆ. ಎಂತಾ ಬುದ್ದಿ ನೋಡು."

"ಅವರಲ್ಲವ್ವ. ತುಮಕೂರಲ್ಲಿ ಪರೀಕ್ಷೆ ಮಾಡಿದ್ದಾರೆ. ಕಾಗದ ಬಂದಿದೆ."

"ಎಲ್ಲೈತೆ ತೋರ್ಸು."

ಈ ನೋಟುಬುಕ್ಕು ಚೀಲದಲ್ಲಿತ್ತು. ರಟ್ಟಿನೊಳಗಿಂದ ಹಾಳೆ ತೆಗೆದುಕೊಟ್ಟೆ. ಅವಳಿಗೆ ಓದಲು ಬರುವುದಿಲ್ಲ. ಸೀಲು ನೋಡಿದಳು, ರುಜು ನೋಡಿದಳು. ಮಡಿಸಿದ ಗೆರೆಯ ಮೇಲೆ ಬೆರಳಾಡಿಸಿದಳು. ಅಲ್ಲಿ ಕಾಗದ ಸವೆದು ಹಳದಿಯಾಗಿತ್ತು.

"ಇದು ಹಳೇ ಕಾಗ್ದ. ಯಾವತ್ತಿಂದು?"

ನಿನ್ನೆಯದು ಅಂದಿದ್ದರೆ ಮುಗಿಯುತ್ತಿತ್ತು. ಬಾಯಿಯ ತನಕ ಬಂದಿತ್ತು. ಆದರೆ ಊರಿಗೆಲ್ಲಾ ಸುಳ್ಳು ಹೇಳಿ ಬಂದವನಿಗೆ ಅವಳ ಮುಂದೆ ಆಗಲಿಲ್ಲ.

"ಹೋದ ಕಾರ್ತಿಕ ಅಲ್ಲ. ಅದರ ಹಿಂದಿನ ಕಾರ್ತಿಕ" ಅಂದೆ.

ಅವ್ವ ಬೆರಳು ಮಡಿಸಿದಳು. ಸಂಕ್ರಾಂತಿ, ಯುಗಾದಿ, ಗೌರಿ, ದೀವಳಿಗೆ, ಮತ್ತೆ ಸಂಕ್ರಾಂತಿ. ಒಂದು ಕೈ ಮುಗಿಯಿತು.

"ಯಾಕ್ಲಾ ಹೇಳ್ಲಿಲ್ಲ?"

ಅಪ್ಪನ ವಿಷಯ ಹೇಳಿದೆ. ಆ ದಿನ ಮನೆಯಲ್ಲಿ ನಾನೊಬ್ಬನೇ ಇದ್ದದ್ದು, ಅವನು ಕೇಳಿದ್ದು. ಅವರಿಗೆ ಹಾಗೇ ಆಗಲಿ ಅಂತ ಬಚ್ಚಿಟ್ಟೆ, ನೀನು ಅಲ್ಲಿಂದ ತರುವುದು ನನಗೆ ಗೊತ್ತಿರಲಿಲ್ಲ ಅಂದೆ. ಗೊತ್ತಿದ್ದರೆ ಹೀಗೆ ಮಾಡುತ್ತಿದ್ದೆನೇ ಅಂತ ಅತ್ತೆ. ಇಪ್ಪತ್ತೆಂಟು ವರ್ಷದ ಗಂಡಸು, ಬೀದಿಗೆ ಕೇಳುವ ಹಾಗೆ ಅತ್ತೆ.

ಅವ್ವ ಅಳಲಿಲ್ಲ. ಗೋಡೆ ಹಿಡಿದು ನಿಂತೇ ಇದ್ದಳು, ಕೂರಲು ಆಗುವುದಿಲ್ಲವಲ್ಲ.

"ಆ ಮಗೀನ್ ಹಲ್ಲು ನೋಡಿದ್ಯಾ?"

"ನೋಡಿದ್ದೆ."

"ನೋಡೂ ಸುಮ್ಕಿದ್ಯಾ?"

ಅವಳ ಕೈಯಿಂದ ಹಾಳೆ ತೆಗೆದುಕೊಂಡು ಮಡಿಸಿದೆ.

"ಈಸ್ವರಮ್ಮನಾದ್ರೂ ಮದ್ಯಾನ್ದೊತ್ಗೆ ಹುಯ್ದಿದ್ಲು ಕಣ್ಲಾ" ಅಂದಳು ಅವ್ವ.

ಆಮೇಲೆ ಬಿಂದಿಗೆಯನ್ನು ಕಾಲಲ್ಲಿ ನೂಕಿ ಉರುಳಿಸಿದಳು. ನೀರು ಹೊಸ್ತಿಲು ದಾಟಿ ಬೀದಿಗೆ ಹರಿಯಿತು. ಬರಿ ಬಿಂದಿಗೆಯತ್ತ ನನಗೆ ಕೈ ತೋರಿಸಿದಳು.

ಈ ಹಾಳೆಗಳನ್ನು ನಾಳೆ ಸಾಹೇಬರ ಮೇಜಿನ ಮೇಲೆ ಇಡುತ್ತೇನೆ. ತಾರೀಖು ಇದ್ದ ಹಾಗೇ ಇರುತ್ತದೆ. ಕೆಲಸ ಉಳಿಯುತ್ತದೋ ಇಲ್ಲವೋ ಗೊತ್ತಿಲ್ಲ.

ಬಿಂದಿಗೆ ತಗೊಂಡು ಕಾಲೋನಿ ಬೋರಿಂಗಿಗೆ ಹೋದೆ. ಹನ್ನೊಂದು ಜನ ಇದ್ದರು. ಸಾಲಿನ ಕೊನೆಯಲ್ಲಿ ಈಶ್ವರಮ್ಮ ಮೊಮ್ಮಗಳ ಹೆಗಲ ಮೇಲೆ ಕೈಯಿಟ್ಟು ನಿಂತಿದ್ದಳು. ಅವಳ ಹಿಂದೆ ನಿಂತೆ.